ಇಟಲಿ ಕಾರಿನ ಬಲಗಡೆಯ ಸೀಟು

ನಿನ್ನೆ ಬೆಳಿಗ್ಗೆ ನಮ್ಮ ಹೊಸ ಕಾರಿನ ಎಡಗಡೆಯ ಬಾಗಿಲು ತೆರೆದು ಕೂತೆ. ಕೂತದ್ದೇ ತಡ, ಕೈಗಳೆರಡೂ ತಾವಾಗಿ ಮುಂದೆ ಚಾಚಿ ಸ್ಟಿಯರಿಂಗ್ ಹುಡುಕಿದವು. ಅಲ್ಲಿ ಸ್ಟಿಯರಿಂಗ್ ಎಲ್ಲಿಂದ ಬರಬೇಕು? ಅದು ಬಲಗಡೆ ಕೂತ ನನ್ನ ಹೆಂಡತಿ ಸುಮತಿಯ ಕೈಯಲ್ಲಿತ್ತು. ಅವಳು ನೋಡಿಯೂ ನೋಡದವಳಂತೆ ಕನ್ನಡಿ ಸರಿಮಾಡಿಕೊಂಡಳು.

ವಿಷಯ ಇಷ್ಟೇ. ನನ್ನ ಬಲಗಣ್ಣು ಮಂಜಾಗಿದೆ. ಇನ್ನು ಕಾರು ಓಡಿಸಬೇಡಿ ಎಂದು ಮಣಿಪಾಲದ ಕಣ್ಣಿನ ಡಾಕ್ಟರು ಮೆತ್ತಗೆ ಹೇಳಿದರು. ಮೀನು ಬಿಡಿ ಎಂದಿದ್ದರೂ ನನಗೆ ಅಷ್ಟು ದುಃಖವಾಗುತ್ತಿರಲಿಲ್ಲ. ಸುಮತಿ ನನಗೆ ಸಮಾಧಾನ ಹೇಳಲು ಬರಲಿಲ್ಲ. ಅರುವತ್ತು ದಾಟಿದ ಮೇಲೆ ಹೋಗಿ ಅಂಬಲಪಾಡಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸೂ ಬಂತು. ನಿನ್ನೆ ಮೊದಲ ಸಲ ನನ್ನನ್ನು ಕೂರಿಸಿಕೊಂಡು ನಿಟ್ಟೆಯ ತವರಿಗೆ ಹೊರಟಿದ್ದಳು. ನನಗೆ ಹೆದರಿಕೆಯಿತ್ತು. ಅವಳಿಗೆ ಓಡಿಸಲು ಬಾರದೆಂದಲ್ಲ, ಚೆನ್ನಾಗಿಯೇ ಓಡಿಸಿಬಿಟ್ಟರೆ ಆ ಕಾರಿನಲ್ಲಿ ನನಗೆ ಕೆಲಸವೇನು ಎಂದು.

ಇರಲಿ, ಎಡಗಡೆ ಸ್ಟಿಯರಿಂಗ್ ಹುಡುಕಿದ ಕೈಗಳ ಕತೆ ಹೇಳುತ್ತೇನೆ. ಹಿಂದೆ ಬಹರೈನಿನಲ್ಲಿ ಕೆಲಸದಲ್ಲಿದ್ದಾಗ ನಾನೊಂದು ಹಳೆಯ ಇಟಲಿ ಕಾರು ಕೊಂಡಿದ್ದೆ. ಹೊರಗಿನಿಂದ ನಾಲ್ಕು ಬಾಗಿಲಿನ ಸಂಭಾವಿತ ಸಂಸಾರಿ. ಒಳಗೆ ಓಟದ ಹುಚ್ಚಿನ ಎಂಜಿನು. ಕೀಲಿ ತಿರುಗಿಸಿದರೆ ಯಕ್ಷಗಾನದ ಭಾಗವತರು ಏರುಪದ್ಯಕ್ಕೆ ಮುಂಚೆ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಸದ್ದು. ಆ ಸದ್ದಿಗಾಗಿಯೇ ನಾನು ಕಾರಣವಿಲ್ಲದೆ ಅಂಗಡಿಗೆ ಹೋಗಿಬರುತ್ತಿದ್ದೆ. ಊರಿಗೆ ಮರಳುವಾಗ ಬೇರೆಯವರು ಚಿನ್ನ, ಟೇಪ್ ರೆಕಾರ್ಡರು, ಸೆಂಟಿನ ಬಾಟಲಿ ತಂದರೆ ನಾನು ಹಡಗಿನಲ್ಲಿ ಈ ಕಾರನ್ನು ತಂದೆ. ಅದರ ಹೆಸರು ಇಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ. ಎಲ್ಲರಿಗೂ ಅದು ಬರೀ "ಇಟಲಿ." ನಾನು ಮನೆಯಲ್ಲಿದ್ದೇನೆಯೇ ಎಂದು ತಿಳಿಯಬೇಕಾದವರು "ಇಟಲಿ ಉಂಟಾ?" ಎಂದು ಕೇಳುತ್ತಿದ್ದರು.

ಎಡವಟ್ಟೆಂದರೆ ಅದರ ಸ್ಟಿಯರಿಂಗ್ ಎಡಗಡೆಗಿತ್ತು. ಅರಬರ ರಸ್ತೆಗೆ ಸರಿ. ನಮ್ಮಲ್ಲಿ ಎಡಬದಿಯಲ್ಲೇ ಹೋಗುವಾಗ ಎಡಕ್ಕೆ ಕೂತ ಚಾಲಕನಿಗೆ ಮುಂದಿನ ಬಸ್ಸಿನ ಬೆನ್ನು ಬಿಟ್ಟರೆ ಬೇರೇನೂ ಕಾಣದು. ಎದುರಿನಿಂದ ಬರುವುದು ಕಾಣುವುದೇನಿದ್ದರೂ ಬಲಗಡೆ ಕೂತವರಿಗೆ. ಆದ್ದರಿಂದ ಬಸ್ಸನ್ನು ಹಿಂದೆ ಹಾಕುವುದೆಂಬುದು ನಮ್ಮ ಸಂಸಾರದಲ್ಲಿ ಇಬ್ಬರೂ ಸೇರಿ ಮಾಡುವ ಕೆಲಸವಾಯಿತು. ಮಡಿಲಲ್ಲಿ ಮಲ್ಲಿಗೆಯ ಚೆಂಡು ಇಟ್ಟುಕೊಂಡು ಸುಮತಿ ಸ್ವಲ್ಪ ಬಲಕ್ಕೆ ವಾಲುತ್ತಿದ್ದಳು. "ನಿಲ್ಲಿ, ಲಾರಿ ಉಂಟು... ನಿಲ್ಲಿ ಮಾರಾಯ್ರೆ, ಎಂತ ಅವಸರ?... ಈಗ ಹೋಗಿ." ನಾನು ಕಣ್ಣು ಮುಚ್ಚಿಕೊಂಡಂತೆಯೇ ಕಾಲು ಒತ್ತುತ್ತಿದ್ದೆ. ಇಟಲಿ ಗಂಟಲು ಬಿಚ್ಚಿ ಹಾರುತ್ತಿತ್ತು. ಪರ್ಕಳದಿಂದ ಕಾರ್ಕಳದವರೆಗಿನ ಅಷ್ಟು ತಿರುವುಗಳಲ್ಲಿ ಅವಳ "ಈಗ ಹೋಗಿ" ಒಮ್ಮೆಯೂ ತಪ್ಪಲಿಲ್ಲ.

ಒಮ್ಮೆ ಅವಳ ಅಣ್ಣನನ್ನು ಆ ಸೀಟಿನಲ್ಲಿ ಕೂರಿಸಿಕೊಂಡೆ. ಕಾಲೇಜಿನಲ್ಲಿ ಗಣಿತ ಕಲಿಸುವವರು, ತೂಗಿ ಅಳೆದು ಮಾತಾಡುವವರು. "ಹೋಗಬಹುದು ಅಂತ ಕಾಣ್ತದೆ ಭಾವ... ಅಲ್ಲ, ಸ್ವಲ್ಪ ತಡೀರಿ... ಛೆ, ಆಗ ಹೋಗಬಹುದಿತ್ತು." ಆ ದಿನ ಬಸ್ಸಿನ ಹೊಗೆ ಕುಡಿಯುತ್ತಲೇ ಕಾರ್ಕಳ ಮುಟ್ಟಿದೆವು.

ಮತ್ತೊಮ್ಮೆ ಕಾಪುವಿನಲ್ಲಿ ಪೊಲೀಸಿನವರು ಕೈ ತೋರಿಸಿ ನಿಲ್ಲಿಸಿದರು. ರೂಢಿಯಂತೆ ನೇರ ಬಲಗಡೆಯ ಕಿಟಕಿಗೆ ಬಂದು, ಮಲ್ಲಿಗೆ ಹಿಡಿದು ಕೂತಿದ್ದ ಸುಮತಿಯನ್ನು ನೋಡಿ, "ಲೈಸೆನ್ಸ್ ತೋರಿಸಿಯಮ್ಮ" ಎಂದರು.

"ಅವರ ಹತ್ತಿರ ಉಂಟು" ಎಂದಳು.

"ನಿಮ್ಮ ಲೈಸೆನ್ಸ್ ಅವರ ಹತ್ತಿರ ಎಂತಕ್ಕೆ?"

ಆಮೇಲೆ ಬಗ್ಗಿ ನೋಡಿ, ಸ್ಟಿಯರಿಂಗ್ ಇರಬೇಕಾದಲ್ಲಿ ಇಲ್ಲದ್ದನ್ನು ಕಂಡು ಬೆಪ್ಪಾದರು. ನಾವು ಕಾಪು ದಾಟುವವರೆಗೂ ನಕ್ಕೆವು. ಅವಳು ಮಾತ್ರ ನನಗಿಂತ ಬೇಗ ನಗು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದ್ದಳು.

ನನಗೆ ಒಂದೇ ಕುತೂಹಲ. ಕಾರಿನ ಗಂಧಗಾಳಿ ಇಲ್ಲದ ಇವಳಿಗೆ ಆ ಗಳಿಗೆ ಹೇಗೆ ತಿಳಿಯುತ್ತದೆ? ಗೇರು ಯಾವುದು, ಎಂಜಿನಿನಲ್ಲಿ ಎಷ್ಟು ಕಸುವು ಉಳಿದಿದೆ, ಇದೆಲ್ಲ ತಿಳಿಯದೆ ಅಷ್ಟು ಕರಾರುವಾಕ್ಕಾಗಿ ಹೇಳಲು ಸಾಧ್ಯವೇ? ಕೇಳಿದಾಗಲೆಲ್ಲ "ಕಾಣ್ತದೆ, ಹೇಳ್ತೇನೆ. ಅದರಲ್ಲಿ ಕೇಳ್ಲಿಕ್ಕೆ ಎಂತ ಉಂಟು?" ಎಂದು ಹಾರಿಸಿಬಿಡುತ್ತಿದ್ದಳು.

ಕಡಲ ಉಪ್ಪುಗಾಳಿ ಇಟಲಿಯ ಮೈಯನ್ನು ಮೆಲ್ಲಗೆ ತಿಂದಿತು. ಬಿಡಿಭಾಗಗಳೂ ಸಿಗದಾದವು. ಹಳೆಯ ಕಾರುಗಳ ಮರುಳಿನ ಒಬ್ಬರಿಗೆ ಮಾರಿದೆ. ಅವರು ಒಬ್ಬರೇ ಬಂದು ಕಾರು ಹತ್ತಿ ಗೇಟು ದಾಟುವಾಗ ನಾನು ಮುಖ ತಿರುಗಿಸಿಕೊಂಡಿದ್ದೆ. ಸುಮತಿ ಅಂಗಳದಿಂದಲೇ ಕೂಗಿದಳು: "ಬಲಗಡೆ ಯಾರನ್ನಾದ್ರೂ ಕೂರಿಸಿಕೊಳ್ಳಿ ಆಯ್ತಾ!" ಅವರಿಗೆ ಅರ್ಥವಾಯಿತೋ ಇಲ್ಲವೋ. ನನಗೆ ಅಳು ಬಂತು.

ನಿನ್ನೆ ಪರ್ಕಳ ದಾಟಿದ ಮೇಲೆ ಒಂದು ಬಸ್ಸಿನ ಹಿಂದೆ ಸಿಕ್ಕಿಕೊಂಡೆವು. ಎಡಗಡೆ ಕೂತ ನನಗೆ ಆ ಹಳೆಯ ನೋಟವೇ, ಬಸ್ಸಿನ ಬೆನ್ನು. ಬಲಗಡೆ ಆ ಹಳೆಯ ಸುಮತಿಯೇ, ಸ್ವಲ್ಪ ಬಲಕ್ಕೆ ವಾಲಿಕೊಂಡು. ಆಗ ಹೊಳೆಯಿತು: ನಾವಿಬ್ಬರೂ ನಮ್ಮ ನಮ್ಮ ಜಾಗದಲ್ಲೇ ಇದ್ದೇವೆ. ಸ್ಟಿಯರಿಂಗ್ ಮಾತ್ರ ಆಚೆಗೆ ಹೋಗಿದೆ.

"ಇವತ್ತಾದರೂ ಹೇಳು ಮಾರಾಯ್ತಿ, ಆಗ ನಿನಗೆ ಹೇಗೆ ಗೊತ್ತಾಗ್ತಿತ್ತು?" ಎಂದೆ.

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತಾಗುದು ಎಂತ? ನಾನೇ ಓಡಿಸ್ತಾ ಇದ್ದೇನೆ ಅಂತ ಕೂತಿರ್ತಿದ್ದೆ. ನಾನಾದರೆ ಯಾವಾಗ ಹೋಗ್ತಿದ್ದೆನೋ, ಆಗ ನಿಮಗೆ ಹೇಳ್ತಿದ್ದೆ. ಅಷ್ಟೇ."

ಅಷ್ಟೇ! ಅಷ್ಟೂ ವರ್ಷ ಇಟಲಿಯನ್ನು ಓಡಿಸುತ್ತಿದ್ದವನು ನಾನೆಂದು ತಿಳಿದು ಊರೆಲ್ಲ ಮೆರೆದಿದ್ದೆ. ನನಗೆ ನಗು ಬಂತು, ಜೊತೆಗೆ ಇಷ್ಟು ದಿನ ಎದೆಯಲ್ಲಿ ಕೂತಿದ್ದ ಭಾರವೂ ಇಳಿಯಿತು. ಬರೀ ಕಾಲು ಒತ್ತುವವನಾಗಿಯೂ ನಾನು ಎಷ್ಟೊಂದು ಸುಖಪಟ್ಟಿದ್ದೆನಲ್ಲ.

ರಸ್ತೆ ನೇರವಾಯಿತು. ಸುಮತಿ ಇನ್ನಷ್ಟು ವಾಲಿ ನೋಡಿದಳು. ಹಳೆಯ ಅಭ್ಯಾಸ, ಸ್ಟಿಯರಿಂಗ್ ತನ್ನ ಕೈಯಲ್ಲೇ ಇದೆ ಎಂಬುದನ್ನೂ ಮರೆತು ಮೆಲ್ಲಗೆ ಹೇಳಿದಳು: "ಈಗ ಹೋಗಿ."

ನಾನು ಬಲಗಾಲನ್ನು ಬಲವಾಗಿ ನೆಲಕ್ಕೆ ಒತ್ತಿದೆ. ಕಾರು ಬಸ್ಸನ್ನು ದಾಟಿತು.