ಗಿರಣಿಯ ಮೆಂಬರಮ್ಮ

ಅವರ ಹುಬ್ಬು ಸದಾ ಬೆಳ್ಳಗಿರುತ್ತಿತ್ತು. ವಯಸ್ಸಿನಿಂದಲ್ಲ, ಹಿಟ್ಟಿನಿಂದ. ರೆಪ್ಪೆಯ ಮೇಲೆ, ಕಿವಿಯ ಹಿಂದೆ, ಮೂಗುತಿಯ ಹರಳಿನ ಸುತ್ತ, ಎಲ್ಲೆಲ್ಲೂ ಗೋಧಿಯೋ ರಾಗಿಯೋ ಕೂತಿರುತ್ತಿತ್ತು. ನಗರಸಭೆಯ ಮೀಟಿಂಗಿಗೆ ಮುಖ ತೊಳೆದು, ಇಸ್ತ್ರಿ ಸೀರೆ ಉಟ್ಟು ಹೊರಟರೂ ಹುಬ್ಬನ್ನು ಮಾತ್ರ ಮರೆತುಬಿಡುತ್ತಿದ್ದರು. ನಾನು ಸೆರಗಿನಿಂದ ಒರೆಸಲು ಹೋದರೆ, "ಬಿಡೇ ಮಾರಾಯ್ತಿ, ಹಿಟ್ಟು ತಾನೆ, ಮಸಿಯಲ್ಲವಲ್ಲ" ಎಂದು ನಡೆದುಬಿಡುತ್ತಿದ್ದರು.

ಭದ್ರಾವತಿಯಲ್ಲಿ ಹೊಳೆಯ ಕಡೆಗೆ ಇಳಿಯುವ ನಮ್ಮ ಬೀದಿಯ ತಿರುವಿನಲ್ಲಿ ಅವರ ಹಿಟ್ಟಿನ ಗಿರಣಿ. ಗಂಡ ಹಾಕಿದ್ದು. ಆತ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಬೀದಿಯ ಗಂಡಸರೆಲ್ಲ ಸೇರಿ ಅವರನ್ನೇ ನಿಲ್ಲಿಸಿದರು. ಯಾರ ಹೆಂಡತಿಯನ್ನು ನಿಲ್ಲಿಸಿದರೂ ಇನ್ನೊಬ್ಬರಿಗೆ ಹೊಟ್ಟೆಕಿಚ್ಚು. ಗಂಡನಿಲ್ಲದವರಾದರೆ ಯಾರ ಗಂಡನೂ ಹಿಂಬಾಗಿಲಿನಿಂದ ಮೆಂಬರ್ ಆಗುವ ಹಾಗಿಲ್ಲ ಎಂಬ ಲೆಕ್ಕಾಚಾರ. ಹೇಳಿದ ಕಡೆ ಸಹಿ ಹಾಕಿಕೊಂಡಿರುತ್ತಾರೆ ಎಂದೂ ಅಂದುಕೊಂಡಿದ್ದರು, ಪಾಪ.

ನಾನು ಆ ಬೀದಿಗೆ ಬಂದದ್ದು ಗಂಡನ ಮನೆ ಬಿಟ್ಟು. ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತ್ತು. ಅಲ್ಲಿಯ ಬಾಡಿಗೆ ನನ್ನ ಕೈಗೆ ಎಟುಕದೆ ಗಿರಣಿಯ ಎದುರು ಒಂದು ಕೋಣೆ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಬೀದಿಯ ಹೆಂಗಸರು ನನ್ನನ್ನು ಕೇಳದ ಪ್ರಶ್ನೆಯಿಲ್ಲ. ಯಜಮಾನರು ಎಲ್ಲಿ, ಯಾವಾಗ ಬರ್ತಾರೆ, ಯಾಕೆ ಬರಲ್ಲ. ಮೊದಲ ಸಲ ಗೋಧಿಯ ಡಬ್ಬಿ ಹಿಡಿದು ಗಿರಣಿಗೆ ಹೋದಾಗ ಇವರೂ ಬಾಯಿ ತೆರೆದರು. ಶುರುವಾಯಿತು ಅಂದುಕೊಂಡೆ. "ಸೋಯಾ ಹಾಕಿದೀಯಾ? ಒಂದು ಹಿಡಿ ಹಾಕಿದ್ರೆ ಚಪಾತಿ ಮೆತ್ತಗಾಗುತ್ತೆ" ಎಂದರು. ಅಷ್ಟೇ. ಆ ದಿನ ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಷ್ಟು ದಿನದಲ್ಲಿ ನನ್ನನ್ನು ಏನೂ ಕೇಳದ ಮನುಷ್ಯರು ಅವರೊಬ್ಬರೇ.

ಅಂದಿನಿಂದ ಸಂಜೆ ಬಸ್ಸಿಳಿದರೆ ಸೀದಾ ಗಿರಣಿಗೆ. ಎದುರಿನ ನನ್ನ ಕೋಣೆಗೂ ಕೇಳುತ್ತಿದ್ದ ಅಲ್ಲಿಯ ಒಂದು ಜಗಳ ನನಗೆ ಬಹಳ ಇಷ್ಟ. ಬೆಳಿಗ್ಗೆ ಯಾರೂ ಮೊದಲು ಬೀಸಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಹಿಂದಿನವರ ಧಾನ್ಯದ ಬಾಲ ಕಲ್ಲಿನೊಳಗೆ ಉಳಿದಿರುತ್ತದಲ್ಲ, ಅದು ತಮ್ಮ ಡಬ್ಬಿಗೆ ಬೀಳುತ್ತದೆ ಎಂದು ಅಸಹ್ಯ. ಇವರು ತಮ್ಮದೇ ಒಂದು ಹಿಡಿ ಗೋಧಿ ಮೊದಲು ಹಾಕಿ ಕಲ್ಲು ಶುದ್ಧ ಮಾಡಿಕೊಡುತ್ತಿದ್ದರು. ಆದರೂ ನಗುತ್ತಾ ಹೇಳುತ್ತಿದ್ದರು: "ನಾನೇನೇ ಮಾಡ್ಲಿ, ನಿಮ್ಮ ಹಿಟ್ನಲ್ಲಿ ಪಕ್ಕದ ಮನೇದು ಒಂದು ಚಿಟಿಕೆ ಇದ್ದೇ ಇರುತ್ತೆ. ಬೇಡ ಅಂದ್ರೆ ಮನೇಲೇ ಬೀಸ್ಕೋಬೇಕು."

ಇಂಥ ಬೀದಿಗೆ ಆ ಸುದ್ದಿ ಬಂತು. ಭದ್ರಾವತಿಯ ಕೊಳಚೆ ನೀರನ್ನು ಶಿವಮೊಗ್ಗದ್ದರ ಜೊತೆ ಸೇರಿಸಿ ಎರಡೂ ಊರಿಗೆ ಒಂದೇ ದೊಡ್ಡ ಶುದ್ಧೀಕರಣ ಘಟಕ ಮಾಡುತ್ತಾರೆ. ಜೊತೆಗೆ ಶುಲ್ಕವೂ ಬದಲು. ಅದುವರೆಗೆ ದೊಡ್ಡ ಮನೆಗೂ ಸಣ್ಣ ಮನೆಗೂ ಒಂದೇ ಒಳಚರಂಡಿ ಶುಲ್ಕ, ಎಲ್ಲರ ಬಾಯಲ್ಲಿ ಯುಜಿಡಿ ಬಿಲ್ಲು. ಇನ್ನು ಮೇಲೆ ಮೀಟರಿನಲ್ಲಿ ನೀರು ಓಡಿದಷ್ಟೂ ಬಿಲ್ಲು. ನನ್ನ ಲ್ಯಾಬಿನವರಿಗೆ ತಮಾಷೆ: "ಏನ್ರೀ, ಇನ್ಮೇಲೆ ನಿಮ್ಮೂರಿಂದ ದಿನಾ ಪಾರ್ಸೆಲ್ ಬರುತ್ತಂತಲ್ಲ!" ನಮ್ಮ ಬೀದಿಯವರಿಗೋ ಸಿಟ್ಟು. ಹಣದ ಸಿಟ್ಟನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಊರಿನ ಮಾನದ ಮಾತು ತೆಗೆದರು. ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಫೋರ್‌ಮನ್ ಗಿರಣಿಯ ಕಟ್ಟೆಯ ಮೇಲೆ ನಿಂತು ಭಾಷಣವನ್ನೇ ಮಾಡಿದರು. "ನಮ್ಮ ಹೊಲಸು ತಗೊಂಡ್ಹೋಗಿ ಶಿವಮೊಗ್ಗದವರ ಜೊತೆ ಸೇರ್ಸೋದು ಯಾತಕ್ಕೆ? ನಮಗೇನು ಹೊಳೆ ಇಲ್ವಾ?"

"ಇದೆಯಲ್ಲ, ಅದಕ್ಕೇ ಹೇಳ್ತಿರೋದು" ಎಂದರು ಮೆಂಬರಮ್ಮ. "ಕೂಡ್ಲೀಲಿ ಹೇಗೂ ತುಂಗೆ ಭದ್ರೆ ಸೇರ್ತಾವೆ. ಅಲ್ಲಿ ಮುಳುಗು ಹಾಕೋವಾಗ ಯಾರ್ದು ಯಾರ ತಲೆ ಮೇಲೆ ಬಿತ್ತು ಅಂತ ಕೇಳ್ತೀರಾ?"

ನಕ್ಕರು ಎಲ್ಲರೂ. ಆದರೆ ಒಪ್ಪಲಿಲ್ಲ. "ಮೀಟಿಂಗಿನಲ್ಲಿ ನೀವು ಮಾತ್ರ ಇದಕ್ಕೆ ಕೈ ಎತ್ತಬೇಡಿ ಮೆಂಬರಮ್ಮ" ಎಂದು ಹೇಳಿಯೇ ಹೋದರು.

ಬಾಯಲ್ಲಿ ಹಾಗೆ ಅಂದರೂ ಅವರಿಗೂ ಎತ್ತುವ ಮನಸ್ಸಿರಲಿಲ್ಲ. ಗಿರಣಿಗೆ ಬರುವ ಜನವೇ ಅವರ ಸಂಸಾರ. ಅವರನ್ನು ಎದುರುಹಾಕಿಕೊಂಡು ಏನು ಮಾಡಲಿ ಎಂದು ನನ್ನ ಮುಂದೆಯೇ ಅಂದಿದ್ದರು. ಮನಸ್ಸು ತಿರುಗಿಸಿದ್ದು ಒಂದು ಭಾನುವಾರ. ಹೊಳೆಯ ಪಕ್ಕದ ಕೆಳಗಿನ ಸಾಲಿನಲ್ಲಿ ಬಾಡಿಗೆಯ ಸಣ್ಣ ಮನೆಗಳಿವೆ. ಮಳೆಗಾಲದಲ್ಲಿ ಹೊಳೆ ಏರಿದರೆ, ಮೇಲಿನ ಬೀದಿಯಿಂದ ಪೈಪಿನಲ್ಲಿ ಇಳಿದದ್ದೆಲ್ಲ ಹೊಳೆಗೆ ಬೀಳಲು ದಾರಿಯಿಲ್ಲದೆ ಆ ಮನೆಗಳ ಬಚ್ಚಲಿಗೆ ಹತ್ತುತ್ತಿತ್ತು. ಆ ದಿನ ಅಲ್ಲಿಂದ ಕರೆ ಬಂತು. ರಜೆಯಿದ್ದ ನಾನೂ ಜೊತೆಗೆ ಹೋದೆ. ಒಂದು ಮನೆಯಲ್ಲಿ ಇನ್ನೂ ಚಿಕ್ಕ ವಯಸ್ಸಿನ ಬಾಣಂತಿ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತಿದ್ದಳು. ಮಗು ತೊಡೆಯ ಮೇಲೆ. ಕೆಳಗೆ ಕೋಣೆಯ ತುಂಬಾ ಕಪ್ಪು ನೀರು. ಅವಳ ತಾಯಿ ತಮಿಳು ಬೆರೆತ ಕನ್ನಡದಲ್ಲಿ, "ಅಮ್ಮಾ, ಪಾಪು ಹುಟ್ಟಿ ತಿಂಗಳೂ ಆಗಿಲ್ಲಮ್ಮಾ" ಎಂದಷ್ಟೇ ಹೇಳಿ ಬಾಯಿಗೆ ಸೆರಗು ಇಟ್ಟುಕೊಂಡಳು.

ಮೆಂಬರಮ್ಮ ಆ ನೀರಿಗಿಳಿದು ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಬಾಣಂತಿಯನ್ನು ತಾವೇ ತಬ್ಬಿ ಹಿಡಿದು ಹೊರಗೆ ತಂದು, ತಮ್ಮ ಮನೆಯ ಹಾಸಿಗೆಯಲ್ಲಿ ಮಲಗಿಸಿದರು. ಆಮೇಲೆ ಹಿತ್ತಲಲ್ಲಿ ಕಾಲು ತೊಳೆಯುತ್ತಾ ನನ್ನ ಕಡೆ ನೋಡದೆ ಹೇಳಿದರು: "ಮೇಲಿನವರು ಸ್ನಾನ ಮಾಡಿದ್ದು ಅವಳ ಮಂಚದ ಕೆಳಗೆ ನಿಂತಿದೆಯಲ್ಲೇ. ಪಕ್ಕದ ಸೋಗಾನೇಲಿ ವಿಮಾನ ಇಳೀತಿದೆ ಅಂತ ನಾವು ಹಲ್ಲು ಕಿಸೀತೀವಿ."

ಮುಂದಿನ ಮೀಟಿಂಗಿನಲ್ಲಿ ಅವರು ಕೈ ಎತ್ತಿದರು, ಯೋಜನೆ ಪಾಸಾಯಿತು. ಭಯ ಆಗಲಿಲ್ಲವೇ ಎಂದು ಕೇಳಿದೆ. "ಆಯ್ತು. ಎತ್ತೋವಾಗ ಅಲ್ಲ, ಇಳಿಸೋವಾಗ" ಎಂದರು.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಡಬ್ಬಿಗಳು ಬರುವುದು ನಿಂತಿತು, ಅಷ್ಟೇ. ಒಬ್ಬರಿಗೆ ಪೇಟೆಯ ಗಿರಣಿಯಲ್ಲಿ ಹಿಟ್ಟು ನುಣ್ಣಗಾಗುತ್ತದೆಂದು ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಇನ್ನೊಬ್ಬರು ಪ್ಯಾಕೆಟ್ ಹಿಟ್ಟಿಗೆ ಬಿದ್ದರು. ಬಿಲ್ಲು ಮೊದಲು ಬಂತು, ಪೈಪು ಆಮೇಲೆ. ಆ ನಡುವಿನ ಕಾಲದಲ್ಲಿ ಬೀದಿಯಲ್ಲಿ ಒಂದು ಮಾತು ಹುಟ್ಟಿತು: "ಅವಳಿಗೇನು, ಗಿರಣಿಗೆ ನೀರು ಬೇಡ. ಒಬ್ಬಳೇ ಇರೋಳಿಗೆ ಎಷ್ಟು ಬಿಲ್ಲು ಬರುತ್ತೆ?"

ಬೈಗುಳವನ್ನೆಲ್ಲ ಹಿಟ್ಟಿನ ಹಾಗೆ ಕೊಡವಿಕೊಳ್ಳುತ್ತಿದ್ದವರು ಇದನ್ನು ಕೊಡವಿಕೊಳ್ಳಲಿಲ್ಲ. "ಅದೊಂದು ಮಾತು ಆಡಬಾರದಿತ್ತು" ಎಂದರು ಒಮ್ಮೆ. "ಇವರೆಲ್ಲ ಇದ್ದಾರಲ್ಲ, ನಾನು ಒಬ್ಬಳೇ ಅಂತ ಅಂದ್ಕೊಂಡೇ ಇರ್ಲಿಲ್ಲ ಕಣೇ."

ಸಂಜೆ ಬಸ್ಸಿಳಿದು ಬರುವಾಗ ಗಿರಣಿಯ ಸದ್ದು ಕೇಳಿದರೆ ಯಾರೋ ಬಂದಿದ್ದಾರೆ ಎಂದು ಓಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ತಮ್ಮದೇ ರೇಷನ್ ಗೋಧಿ ಹಾಕಿ ಬೀಸುತ್ತಾ ಕೂತಿರುತ್ತಿದ್ದರು. ನಾನು ಬೇಕಿರಲಿ ಬೇಡವಿರಲಿ ಗೋಧಿ ತಂದು ಸುರಿಯುತ್ತಿದ್ದೆ. ಕೋಣೆಯಲ್ಲಿ ಹಿಟ್ಟು ಹುಳ ಹಿಡಿಯಿತು. ಅವರಿಗೆ ಗೊತ್ತಾಗದೆ ಇರುತ್ತದೆಯೇ? "ಎಷ್ಟು ಚಪಾತಿ ತಿಂತೀಯೇ ಮಾರಾಯ್ತಿ, ಮದುವೆ ಮನೆ ಹಿಡಿದಿದೀಯಾ?" ಎಂದು ಕೇಳಿ, ದುಡ್ಡು ಬೇಡ ಎಂದು ತಲೆಯಾಡಿಸುತ್ತಿದ್ದರು. ಇಬ್ಬರೂ ಕಟ್ಟೆಯ ಮೇಲೆ ಕೂರುತ್ತಿದ್ದೆವು. ದಾರಿಯಲ್ಲಿ ಹೋಗುವವರು ನನ್ನನ್ನು ಮಾತಾಡಿಸುತ್ತಿದ್ದರು, ಅವರನ್ನು ಬಿಟ್ಟು.

ಪೈಪು ಹೊಸ ಘಟಕಕ್ಕೆ ಸೇರಿದ ವರ್ಷ ಹೊಳೆ ತುಂಬಿ ಹರಿಯಿತು. ಕೆಳಗಿನ ಸಾಲಿನ ಬಚ್ಚಲಿಗೆ ಹನಿಯೂ ಹತ್ತಲಿಲ್ಲ. ಮೆಂಬರಮ್ಮನಿಗೆ ಹಿಗ್ಗು. ಮೊಳಕೆ ಕಟ್ಟಿದ ರಾಗಿ ಬೀಸಿ, ಆ ಬಾಣಂತಿಯ ಮಗುವಿಗೆಂದು ಡಬ್ಬಿಯಲ್ಲಿ ತುಂಬಿಕೊಂಡು ಇಳಿದು ಹೋದರು. ಮನೆಗೆ ಬೀಗ. ಬಚ್ಚಲು ಒಣಗಿತೆಂದು ಮಾಲೀಕ ಬಾಡಿಗೆ ಏರಿಸಿದ್ದ, ಮೇಲೆ ಹೊಸ ಬಿಲ್ಲು ಬೇರೆ. ಆ ಸಂಸಾರ ಆಯನೂರಿನ ಕಡೆಗೆ ಎದ್ದು ಹೋಗಿತ್ತು. ಹೇಳಿ ಹೋಗಲೂ ಪುರುಸೊತ್ತಾಗಿರಲಿಲ್ಲ. ಡಬ್ಬಿಯನ್ನು ವಾಪಸ್ಸು ತಂದು ಕಟ್ಟೆಯ ಮೇಲಿಟ್ಟು, "ಕಿಟಕೀಲಿ ನೋಡ್ದೆ. ನೆಲ ಬೆಳ್ಳಗೆ ಒಣಗಿತ್ತು" ಎಂದರು. ಆಮೇಲೆ ಅತ್ತರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಅವಧಿ ಮುಗಿಯಿತು. ಮತ್ತೆ ನಿಲ್ಲಿ ಎಂದು ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯದಿರುವುದನ್ನು ಕಂಡು ನಾನೇ ಹೋಗಿ ಅವರ ಮನೆಯ ಬಾಗಿಲು ತಳ್ಳಿದೆ. ನಿದ್ದೆಯಲ್ಲೇ ಹೋಗಿದ್ದರು. ಆ ದಿನ ಬೀದಿಗೆ ಬೀದಿಯೇ ಬಂತು. ಫೋರ್‌ಮನ್ ಮುಂದೆ ನಿಂತು ಚಟ್ಟ ಕಟ್ಟಿಸಿದರು. ಬದುಕಿದ್ದಾಗ ಒಂದು ಸೇರು ಗೋಧಿ ತರದವರೆಲ್ಲ ಮಾರುದ್ದದ ಹೂವಿನ ಹಾರ ತಂದರು. ನನಗೆ ಮೈ ಉರಿಯಿತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಒಂದು ಕಾಲದಲ್ಲಿ ನಾನು ಯಾರಿಗೂ ಬೇಡವಾಗಿದ್ದಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡವರು ಅವರು. ಅವರು ಯಾರಿಗೂ ಬೇಡವಾದಾಗ ಪಕ್ಕದಲ್ಲಿ ಕೂತಿದ್ದೆನಷ್ಟೇ. ಅದು ಯಾವ ಲೆಕ್ಕಕ್ಕೂ ಸಾಲದು.

ಹೋದ ಮಳೆಗಾಲದಲ್ಲಿ ಕೆಳಗಿನ ಸಾಲಿಗೆ ರಕ್ತದ ಸ್ಯಾಂಪಲ್ ತೆಗೆಯಲು ಹೋಗಿದ್ದೆ. ಅದೇ ಮನೆ. ಈಗ ಬೇರೆ ಸಂಸಾರ. ಹೊಳೆ ಮೆಟ್ಟಿಲು ಮುಳುಗಿಸಿ ಹರಿಯುತ್ತಿತ್ತು. ಒಳಗೆ ಬಚ್ಚಲಿನ ಒಣ ಹೊಸ್ತಿಲ ಮೇಲೆ ಒಂದು ಮಗು ಅಂಬೆಗಾಲಿಡುತ್ತಿತ್ತು. ಮನೆ ಹೇಗಿದೆ ಎಂದು ಅದರ ತಾಯಿಯನ್ನು ಕೇಳಿದೆ.

"ಮನೆ ಚೆನ್ನಾಗಿದೆ ಅಕ್ಕ, ಏನೂ ತೊಂದ್ರೆ ಇಲ್ಲ. ಈ ಯುಜಿಡಿ ಬಿಲ್ಲೊಂದೇ ಜಾಸ್ತಿ. ಯಾರು ಮಾಡಿಟ್ರೋ ಏನೋ!"

"ನಮ್ಮ ಮೆಂಬರಮ್ಮ ಮಾಡಿದ್ದು ಕಣೇ" ಎಂದೆ. ಮೇಲಿನ ಬೀದಿಗೆ ಕೇಳುವಷ್ಟು ಜೋರಾಗಿಯೇ ಅಂದೆ.