ಕಾಕಾನ ಮಗಳ ಬಿಸಿಲು

ನಮ್ಮ ಕಡೆ ಬಿಸಿಲನ್ನು ಯಾರೂ ಬೇಡಿ ಪಡೆಯುವುದಿಲ್ಲ. ಬೇಡವೆಂದರೂ ನೆತ್ತಿಯ ಮೇಲೆ ಬಂದು ಕೂರುತ್ತದೆ. ಆದರೆ ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಹಲಬರ್ಗಾದ ನಮ್ಮ ಮನೆಯ ಅಂಗಳದ ಬಿಸಿಲನ್ನೆಲ್ಲ ಒಬ್ಬಳಿಗೇ ಬರೆದುಕೊಟ್ಟುಬಿಟ್ಟರು. ಅವಳು ನನ್ನ ಕಾಕಾನ ಮಗಳು. ನನಗಾಗ ಎಂಟು ವರ್ಷ, ಅವಳಿಗೆ ನಾಲ್ಕು. ಇವತ್ತಿಗೂ ಯಾರಾದರೂ ಅಂಗಳದಲ್ಲಿ ಕೂಸಿಗೆ ಎಣ್ಣೆ ತಿಕ್ಕುವುದು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ. ನಗುವವರು ನಗಲಿ.

ಅವಳು ಬರುವ ಮೊದಲು ಆಯಿ ಪೂರ್ತಿ ನನ್ನವಳಾಗಿದ್ದಳು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಅಪ್ಪ, ಅವ್ವ ಹೊಲಕ್ಕೆ ಹೋದರೆ ಮನೆಯಲ್ಲಿ ನಾವಿಬ್ಬರೇ. ನನ್ನ ಬಣ್ಣ ಆಯಿಗೆ ದೊಡ್ಡ ಚಿಂತೆ. ಹುಟ್ಟುವಾಗಲೇ ಕಪ್ಪು, ಅದರ ಮೇಲೆ ಹೊಲ ತಿರುಗಿ ಇನ್ನಷ್ಟು ಕರ್ರಗಾಗಿದ್ದೆ. ನಾನು ಹೊಸ್ತಿಲು ದಾಟಿದರೆ ಸಾಕು, "ತಲಿಗಿ ಅರಿವಿ ಕಟ್ಕೊ, ಸುಟ್ಟ ಬದನಿಕಾಯಿ ಆಗ್ತಿ" ಎಂದು ಒಳಗಿನಿಂದಲೇ ಕೂಗುತ್ತಿದ್ದಳು. ಶನಿವಾರ ಸಂಜೆ, ಮರುದಿನ ಚರ್ಚಿಗೆ ಹೋಗಬೇಕೆಂದು, ಕಡಲೆಹಿಟ್ಟು ಮೊಸರು ಕಲಸಿ ಕುತ್ತಿಗೆಯಿಂದ ಕಾಲ್ಬೆರಳಿನ ತನಕ ತಿಕ್ಕುತ್ತಿದ್ದಳು. ಒಂದು ವಾರದ ಬಿಸಿಲನ್ನು ನನ್ನ ಮೈಯಿಂದ ತೆಗೆದುಬಿಡುವ ಹಟ ಅವಳದು. ಬಣ್ಣ ಎಳ್ಳಷ್ಟೂ ಕದಲಲಿಲ್ಲ. ಆದರೆ ಆ ಕೈಗಳು ನಿಂತುಬಿಟ್ಟಾವೆಂಬ ಹೆದರಿಕೆಗೆ ನಾನೇ ಕನ್ನಡಿ ನೋಡಿ, "ಈ ಸರ್ತಿ ಜರಾ ಬೆಳ್ಳಗಾಗೇನಿ ನೋಡು ಆಯಿ" ಅನ್ನುತ್ತಿದ್ದೆ. ಅವಳೂ ಹೌದೆನ್ನುತ್ತಿದ್ದಳು.

ಕಾಕಾ, ಅಂದರೆ ಅಪ್ಪನ ತಮ್ಮ, ಹೈದರಾಬಾದಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಕಚೇರಿಯವರನ್ನೂ ಹಂಚಿದರು. ಕಾಕಾ ಮೈಸೂರಿನ ಪಾಲಿಗೆ ಬಂದು ಬೀದರ್‌ಗೆ ವರ್ಗವಾದ. ಸಾಲಿಯಲ್ಲಿ ಮಾಸ್ತರು ಹೊಸ ರಾಜ್ಯದ ನಕಾಶೆ ಬಿಡಿಸಿ ನಮ್ಮೂರು ಎಲ್ಲಿದೆಯೆಂದು ಬೆರಳಿಟ್ಟು ತೋರಿಸಿದ ದಿನ ಎಲ್ಲರೂ ಖುಷಿಪಟ್ಟರು. ನಾನು ಮಾತ್ರ ಆಮೇಲೆ ಎಷ್ಟೋ ಸಲ ಆ ನಕಾಶೆಗೆ ಬೈದಿದ್ದೇನೆ. ಗೆರೆಯನ್ನು ಸ್ವಲ್ಪ ಆ ಕಡೆ ಎಳೆದಿದ್ದರೆ ಎಳೆದವರದೇನು ಗಂಟು ಹೋಗುತ್ತಿತ್ತು?

ಕಾಕಾನ ಮಗಳು ಕೆನೆಹಾಲಿನ ಬಣ್ಣದವಳು. ಆ ಬಣ್ಣ ಎಲ್ಲಿ ಕೆಡುತ್ತದೋ ಎಂದು ಅವಳ ತಾಯಿ, ನನ್ನ ಕಾಕು, ಹೈದರಾಬಾದಿನ ಗಲ್ಲಿಯ ಮಹಡಿ ಕೋಣೆಯಲ್ಲಿ ಹಗಲೂ ಪರದೆ ಎಳೆದೇ ಸಾಕಿದ್ದಳು. ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳನ್ನು ಎತ್ತಿಕೊಂಡೇ ತಂದರು. ಇಳಿಸಿದಾಗ ಕಂಡೆ, ಕಾಲುಗಳು ಕುಡಗೋಲಿನಂತೆ ಬಾಗಿದ್ದವು. ಗೋಡೆ ಹಿಡಿದು ನಿಲ್ಲುತ್ತಿದ್ದಳು, ಎರಡು ಹೆಜ್ಜೆ ಇಟ್ಟು ಕೂರುತ್ತಿದ್ದಳು.

ಬೀದರ್‌ನ ದವಾಖಾನೆಯಲ್ಲಿ ನಮ್ಮ ಚರ್ಚಿನವರೇ ಆದ ಒಬ್ಬ ನರ್ಸಮ್ಮ ಇದ್ದರು. ಅವರು ಕೂಸಿನ ಮೊಣಕಾಲು ಮುಟ್ಟಿ ನೋಡಿ ಹೇಳಿದ್ದನ್ನು ಕಾಕಾ ಬಂದು ಆಯಿಯ ಮುಂದೆ ಒಪ್ಪಿಸಿದ: "ಎಲುಬು ಮೆತ್ತಗಾಗ್ಯಾವ ಅಂತ. ಬಿಸಿಲು ಮೈಗಿ ಹತ್ತಿದ್ರ ಒಂದು ವಿಟಮಿನ್ ಆಗ್ತದಂತ, ಇಕಿಗಿ ಅದೇ ಇಲ್ಲ. ದಿನಾ ಹೊತ್ತೇರಿದ ಮ್ಯಾಲ ಬಿಸಿಲಾಗ ಕುಂದ್ರಸ್ರಿ, ಮೀನೆಣ್ಣಿ ಕುಡಸ್ರಿ ಅಂದ್ರು." ಅವನು ಬೀದರ್‌ನ ಹಳೇ ಊರಿನಲ್ಲಿ ಹಿಡಿದ ಬಾಡಿಗೆ ಮನೆಗೆ ಬಿಸಿಲು ಹಣಿಕಿ ಹಾಕುವುದೂ ಕಷ್ಟ. ಹಾಗಾಗಿ ಮಗಳನ್ನು ನಮ್ಮಲ್ಲಿ ಬಿಟ್ಟು ಹೋದ.

ಮರುದಿನದಿಂದ ಅಂಗಳದಲ್ಲಿ ಕೌದಿ ಬಿತ್ತು. ಆಯಿ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಅವಳನ್ನು ಬರಿಮೈಯಲ್ಲಿ ಮಲಗಿಸಿ, ಬಾಗಿದ ಕಾಲುಗಳನ್ನು ಮೇಲಿನಿಂದ ಕೆಳಕ್ಕೆ ನೀವುತ್ತಿದ್ದಳು. ನನ್ನ ಮೈಯಿಂದ ಬಿಸಿಲು ತೆಗೆಯುತ್ತಿದ್ದ ಅದೇ ಕೈಗಳು ಅವಳ ಮೈಯೊಳಗೆ ಬಿಸಿಲು ತುಂಬುತ್ತಿದ್ದವು. ಬೇವಿನ ಮರದ ನೆರಳು ಸರಿದಂತೆ ಕೌದಿಯನ್ನು ಬಿಸಿಲಿಗೆ ಎಳೆಯುವ ಕೆಲಸ ನನ್ನದು. ಎಳೆದು ಅಲ್ಲೇ ನಿಂತರೆ, "ನೀ ಯಾಕ ಬಿಸಿಲಾಗ ನಿಂತಿ? ನೆಳ್ಳಿಗಿ ಹೋಗು, ಕರ್ರಗಾಗ್ತಿ" ಎಂದು ಗದರುತ್ತಿದ್ದಳು. ತಿರುಗಿ ಅವಳಿಗೆ, "ಇನ್ನ ಜರಾ ಮಲಗು ನನ್ನವ್ವ, ಬಿಸಿಲು ಉಣ್ಣು" ಅನ್ನುತ್ತಿದ್ದಳು. ನನಗೆ ಸುಡುವ ಬಿಸಿಲು ಅವಳಿಗೆ ಊಟ. ಮೀನೆಣ್ಣೆ ಕುಡಿಯಲು ಅವಳು ಮುಖ ಸಿಂಡರಿಸಿದರೆ ಕೈಗೆ ಬೆಲ್ಲದ ಚೂರು. ಆ ನಾರುವ ಎಣ್ಣೆಯನ್ನು ನಾನಾದರೆ ಒಂದು ಗುಟುಕಿಗೆ ಕುಡಿದುಬಿಡುತ್ತಿದ್ದೆ, ಬೆಲ್ಲವನ್ನೂ ಕೇಳುತ್ತಿರಲಿಲ್ಲ.

ಶನಿವಾರ ಬಂತು. ನಾನು ಲಂಗ ಬಿಚ್ಚಿಟ್ಟು ಬಚ್ಚಲ ಕಲ್ಲಿನ ಮೇಲೆ ಕೂತು ಕಾದೆ. ಆಯಿ ಬಾಗಿಲಿಗೆ ಬಂದು, "ಕೂಸಿಗಿ ತಿಕ್ಕಿ ತಿಕ್ಕಿ ರಟ್ಟಿ ಸೋತಾವ. ನಿಮ್ಮವ್ವಗ ಹೇಳು, ನಾಕು ತಂಬಿಗಿ ಹಾಕ್ತಾಳ" ಎಂದು ಹೋದಳು. ಹೊಲದಿಂದ ಬಂದ ಅವ್ವ ನಿಜವಾಗಿಯೂ ನಾಲ್ಕೇ ತಂಬಿಗೆ ಹಾಕಿದಳು. ಆಮೇಲಿನ ಶನಿವಾರಗಳೂ ಹಾಗೇ ಆದವು.

ಕ್ರಿಸ್‌ಮಸ್ ಮುಗಿಯುವ ಹೊತ್ತಿಗೆ ನನ್ನ ಕಾಲೂ ನೋಯತೊಡಗಿತು. ಅಂದರೆ ನೋಯುತ್ತಿದೆ ಎಂದು ಹೇಳತೊಡಗಿದೆ. ಸಾಲಿಗೆ ಹೋಗುವಾಗ ಎಡಗಾಲು ಎಳೆದೆ, ಬರುವಾಗ ಮರೆತು ಬಲಗಾಲು ಎಳೆದೆ. ಆಯಿ ಹೆಚ್ಚು ಕೇಳದೆ, ಕೂಸನ್ನು ತೋರಿಸಲು ಹೊರಟಾಗ ನನ್ನನ್ನೂ ರೈಲಿನಲ್ಲಿ ಬೀದರ್‌ಗೆ ಕರೆದೊಯ್ದಳು. ಇನ್ನೇನು ನನ್ನ ಹೆಸರಿಗೂ ಬಿಸಿಲು ಬರೆದುಕೊಡುತ್ತಾರೆಂದು ಕಿಟಕಿಯ ಪಕ್ಕ ರಾಣಿಯಂತೆ ಕೂತಿದ್ದೆ. ನರ್ಸಮ್ಮ ನನ್ನ ಮೊಣಕಾಲು ಒತ್ತಿದರು, ತಟ್ಟಿದರು, ಕುಪ್ಪಳಿಸು ಅಂದರು. ಕುಪ್ಪಳಿಸಿದೆ. "ಇಕಿಗೇನಾಗ್ಯದ್ರಿ? ಬಿಸಿಲುಂಡು ಬೆಳದ ಎಲುಬು, ಕಲ್ಲಿದ್ದಂಗ ಅದಾವ. ಇಕಿಗಿ ಯಾವ ದವಾನೂ ಬ್ಯಾಡ" ಎಂದು ಆಯಿಯ ಕಡೆ ನೋಡಿ ನಕ್ಕರು. ವಾಪಸ್ ಬರುವಾಗ ಆಯಿ ಅದನ್ನು ರೈಲಿನ ಡಬ್ಬಿಯಲ್ಲಿದ್ದವರಿಗೆಲ್ಲ ಹೇಳಿ ನಗಿಸಿದಳು. ತಾನೂ ನಗುತ್ತ, ನಿದ್ದೆಹೋದ ಕೂಸಿನ ಕಾಲುಗಳನ್ನು ತೊಡೆಯ ಮೇಲೆಳೆದುಕೊಂಡು ನೀವುತ್ತಿದ್ದಳು.

ಬೇಸಿಗೆ ಹತ್ತುವ ಹೊತ್ತಿಗೆ ಕಾಕಾನ ಮಗಳು ಅಂಗಳದ ಈ ತುದಿಯಿಂದ ಆ ತುದಿಗೆ ಒಬ್ಬಳೇ ನಡೆದಳು. ಕೆನೆಹಾಲಿನ ಬಣ್ಣ ಹೋಗಿ ಮೈ ಕಂದಿತ್ತು. ಅವಳು ಮಲಗಿದ್ದಾಗ ನನ್ನ ತೋಳನ್ನು ಅವಳ ತೋಳಿಗೆ ಹೊಂದಿಸಿ ನೋಡಿದೆ. ದೊಡ್ಡ ಅಂತರವೇನೂ ಉಳಿದಿರಲಿಲ್ಲ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಅದೂ ಹೆಚ್ಚು ದಿನ ಬಾಳಲಿಲ್ಲ. ಸಂತಪುರದಿಂದ ಬಂದ ನೆಂಟರೊಬ್ಬರು ಅವಳ ಗಲ್ಲ ಹಿಡಿದು, "ಬಿಸಿಲಿಗಿ ಮೈಗಿ ಏನು ಕಳಾ ಬಂದದರಿ" ಎಂದರು. ಪಕ್ಕದಲ್ಲೇ ನಿಂತಿದ್ದ ನನಗೆ, "ನೀ ಇನ್ನಾ ಕರ್ರಗಾದೆಲ್ಲವ್ವ" ಎಂದರು. ಒಂದೇ ಅಂಗಳ, ಒಂದೇ ಸೂರ್ಯ.

ಮಗಳನ್ನು ಒಯ್ಯಲು ಕಾಕು ಬಂದಳು. ಮಗಳು ನಡೆದು ಎದುರಿಗೆ ಬಂದದ್ದು ಕಂಡು ಮೊದಲು ಅತ್ತಳು, ಆಮೇಲೆ ಬಣ್ಣ ನೋಡಿ ಇನ್ನೊಮ್ಮೆ ಅತ್ತಳು. "ಇದೇನ್ರಿ ಅತ್ತಿ, ನನ್ನ ಮಗಳಿಗಿ ಅಕಿನಂಗ ಮಾಡಿಬಿಟ್ಟೀರಿ" ಎಂದು ಗದ್ದದಿಂದ ನನ್ನನ್ನು ತೋರಿಸಿದಳು.

ಆಯಿ ನನ್ನ ಪರವಾಗಿ ಈಗ ಏನಾದರೂ ಅನ್ನುತ್ತಾಳೆಂದು ಕಾದೆ. "ಬಣ್ಣದ್ದೇನವ್ವ, ನಾಕು ದಿನ ನೆಳ್ಳಾಗಿದ್ರ ಮತ್ತ ಬರ್ತದ. ಕಾಲು ಹೋದ್ರ ಬರ್ತಾವೇನು?" ಎಂದಳು. ನನ್ನ ಬಣ್ಣದ ಮಾತು ಅಲ್ಲಿ ಬರಲೇ ಇಲ್ಲ.

ಕಾಕು ಅಂದೇ ಮಗಳ ಮೈಗೆಲ್ಲ ಸೆರಗು ಸುತ್ತಿ ಒಳಗೆ ಕೂರಿಸಿದಳು. ಆಯಿ ಅದನ್ನು ನೋಡಿದಳು. ಬೆಳಿಗ್ಗೆ ಎದ್ದು ತನ್ನ ಸೀರೆಗಳನ್ನು ಟ್ರಂಕಿಗೆ ಹಾಕತೊಡಗಿದಳು. "ಇಕಿ ಮತ್ತ ಪಡದಾ ಎಳೀತಾಳ. ಕೂಸಿಗಿ ದಿನಾ ಹೊರಗ ಒಯ್ದು ಬಿಸಿಲು ತೋರಸ್ಲಾಕ ನಾನೇ ಹೋಗ್ತೇನಿ" ಎಂದು ಅಪ್ಪನಿಗೆ ಹೇಳಿದಳು. ಅಪ್ಪ ಎಷ್ಟು ದಿನಕ್ಕೆ ಎಂದು ಕೇಳಿದ. ಅವಳು ನೋಡೋಣ ಎಂದಳು. ಬೀದರ್‌ಗೆ ಹೋದವಳು ಅಲ್ಲೇ ಉಳಿದಳು. ಹಬ್ಬಕ್ಕೆ ಬರುತ್ತಿದ್ದಳು, ನೆಂಟರ ಹಾಗೆ.

ಹೊರಡುವಾಗ ನಾನೂ ಬರುತ್ತೇನೆಂದು ಅವಳ ಸೀರೆ ಹಿಡಿದೆ.

"ನೀ ಯಾಕವ್ವ? ನೀ ಗಟ್ಟಿ ಅದಿ. ನಿನಗ ಏನೂ ಬೇಕಾಗಿಲ್ಲ" ಎಂದು ಪ್ರೀತಿಯಿಂದಲೇ ಕೆನ್ನೆ ತಟ್ಟಿ, ಕೈ ಬಿಡಿಸಿಕೊಂಡಳು. ನನಗೆ ಬೇಕಾಗಿದ್ದದ್ದು ಟ್ರಂಕು ಹಿಡಿದು ಹೊಸ್ತಿಲು ದಾಟುತ್ತಿತ್ತು.