ಕೆಂಪು ಗೆರೆಗೆ ನಿಂಬೆಹಣ್ಣಿನ ಹಾರ

ನನ್ನ ಅವ್ವ ನನ್ನನ್ನು "ಹಾಲಿನ್ಯಾಗ ನೀರು ಹುಡುಕಾಕಿ" ಎಂದು ಬಯ್ಯುತ್ತಾಳೆ. ಸುಳ್ಳೇನಲ್ಲ. ಸಿಂದಗಿಯ ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡದೆ ನಾನು ಬದನೆಕಾಯಿ ಕೂಡ ಕೊಂಡವಳಲ್ಲ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನು ನಾನೇ ವಿಚಾರಣೆ ಮಾಡಿ ಓಡಿಸಿದೆ ಎಂಬ ದೂರೂ ಮನೆಯಲ್ಲಿದೆ. ಆದರೆ ಈ ಗುಣಕ್ಕೆ ಸಂಬಳ ಕೊಡುವ ನೌಕರಿಯೊಂದು ಇದೆ, ಅದು ನನಗೆ ಸಿಕ್ಕಿದೆ. ಜಿಲ್ಲಾ ಊರಿನ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕಿರಣ ಕೊಡುವ ಯಂತ್ರವಿದೆ. ಅದನ್ನು ದಿನಾ ಬೆಳಿಗ್ಗೆ ಅನುಮಾನದಿಂದ ನೋಡುವುದೇ ನನ್ನ ಕೆಲಸ.

ಯಂತ್ರದೊಳಗೆ ಒಂದು ಕೊಳವೆ. ಅದರಲ್ಲಿ ಎಲೆಕ್ಟ್ರಾನುಗಳನ್ನು ದಬ್ಬಿ ದಬ್ಬಿ ವೇಗ ಕೊಟ್ಟು ಲೋಹದ ಬಿಲ್ಲೆಯೊಂದಕ್ಕೆ ಅಪ್ಪಳಿಸುತ್ತೇವೆ. ಅಲ್ಲಿಂದ ಹೊರಡುವ ಕಿರಣ ಕಣ್ಣಿಗೆ ಕಾಣುವುದಿಲ್ಲ. ಎಲೆಕ್ಟ್ರಾನಿನ ಧಾರೆ ಕೂದಲೆಳೆಯಷ್ಟು ಆಚೀಚೆ ಆದರೂ ಕಿರಣ ಬೀಳುವ ಜಾಗ ತಪ್ಪುತ್ತದೆ. ಧಾರೆಯನ್ನು ದಾರಿಗೆ ತರಲು ಸುತ್ತಲೂ ತಂತಿಯ ಸುರುಳಿಗಳಿವೆ. ಅವುಗಳ ಕರೆಂಟು ಹೆಚ್ಚು ಕಡಿಮೆ ಮಾಡಿದರೆ ಅದು ಸರಿಯುತ್ತದೆ. ಇನ್ನು ರೋಗಿಯನ್ನು ಸರಿಯಾದ ಜಾಗಕ್ಕೆ ಮಲಗಿಸಲು ಗೋಡೆಗಳ ಮೇಲೆ ಲೇಸರ್ ಡಬ್ಬಿಗಳಿವೆ. ಅವು ಕೆಂಪು ಗೆರೆ ಬಿಡುತ್ತವೆ, ಗೆರೆಗೆ ರೋಗಿಯ ಗುರುತನ್ನು ಹೊಂದಿಸುತ್ತೇವೆ, ಅಷ್ಟೇ. ಎಡ ಬಲ ಗೋಡೆಯ ಡಬ್ಬಿಗಳು ಒಂದಕ್ಕೊಂದು ಸಾಕ್ಷಿ. ಎದುರು ಗೋಡೆಯದು ಮಾತ್ರ ಒಂಟಿ.

ಆ ವರ್ಷ ನನ್ನ ರೋಗಿಗಳಲ್ಲಿ ಅವ್ವನ ತಂಗಿ, ನನ್ನ ಚಿಗವ್ವನೂ ಒಬ್ಬಳು. ಇಂಡಿ ಊರಿನ ಹತ್ತಿರ ನಿಂಬೆ ತೋಟ ಮಾಡಿಕೊಂಡಿದ್ದ ಗಟ್ಟಿ ಹೆಂಗಸು, ಗಂಟಲಲ್ಲಿ ಗಂಟು ಬೆಳೆದು ದನಿ ಗೊಗ್ಗರಾಗಿತ್ತು. ಗಂಟಿನ ಹಿಂದೆಯೇ ಬೆನ್ನುಹುರಿ. ಕಿರಣ ತಪ್ಪಿ ಅಲ್ಲಿಗೆ ಮತ್ತೆ ಮತ್ತೆ ಬಿದ್ದರೆ ಕೈಕಾಲು ಹೋಗಬಹುದು. ಆಕೆ ನನ್ನ ಮನೆಯಲ್ಲೇ ಇದ್ದು ದಿನಾ ನನ್ನ ಜೊತೆ ಆಸ್ಪತ್ರೆಗೆ ಬರುತ್ತಿದ್ದಳು. ಆಕೆ ಮಲಗುವ ದಿನಗಳಲ್ಲಿ ನನ್ನ ಅನುಮಾನ ಇನ್ನೂ ಒಂದು ಕೈ ಹೆಚ್ಚು.

ದಸರೆಗೆ ಆಸ್ಪತ್ರೆಯ ಕಿರಣದ ವಿಭಾಗ ಮುಚ್ಚಿತ್ತು. ಬನ್ನಿ ಕೊಡಲು ಸಿಂದಗಿಗೆ ಹೋದವಳು ರಜೆ ಮುಗಿದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಪರೀಕ್ಷೆಗೆ ನಿಂತೆ. ಪರೀಕ್ಷೆ ಸರಳ. ನಡುವೆ ಉಕ್ಕಿನ ಗುಂಡು ಹುದುಗಿಸಿದ ಪ್ಲಾಸ್ಟಿಕ್ ಗಟ್ಟಿಯೊಂದನ್ನು ಕೆಂಪು ಗೆರೆಗಳಿಗೆ ಹೊಂದಿಸಿ ಇಟ್ಟು, ಕಿರಣ ಬಿಟ್ಟು, ಫಿಲ್ಮ್ ನೋಡುವುದು. ಕಿರಣದ ದುಂಡಗಿನ ಕಲೆಯ ನಟ್ಟನಡುವೆ ಗುಂಡಿನ ನೆರಳು ಕೂಡಬೇಕು. ಅವತ್ತು ನೆರಳು ಜೋಳದ ಕಾಳಿನಷ್ಟು ಪಕ್ಕಕ್ಕೆ ಕೂತಿತ್ತು.

ನನ್ನ ಅನುಮಾನ ಸೀದಾ ಕಂಪನಿಯ ಇಂಜಿನಿಯರ್ ಮೇಲೆ ಹೋಯಿತು. ರಜೆಯಲ್ಲಿ ಯಂತ್ರ ಬಿಚ್ಚಿ ಸರ್ವಿಸ್ ಮಾಡಿದವನು ಅವನೇ. ಅವನ ನಗುವೇ ನನಗೆ ಮೊದಲಿಂದ ಸರಿಬಂದಿರಲಿಲ್ಲ. ಫೋನ್ ಹಚ್ಚಿದೆ.

"ಏನ್ ಮಾಡಿ ಹೋಗೀರಿ ನೀವು? ಧಾರೆ ಸರದೇತಿ."

"ಸರದಿರಬೇಕ್ ಬಿಡ್ರಿ ಮೇಡಂ. ಸುರುಳಿ ಕರೆಂಟ್ ಒಂದಿಷ್ಟು ಇಳಸ್ರಿ, ನಡುವ ಬಂದು ಕುಂಡ್ರತೈತಿ. ಅದೇನ್ ದೊಡ್ಡ ಕೆಲಸ?"

ಜಗಳಾಡುವ ಮನುಷ್ಯ ಇಷ್ಟು ಲಗೂನೆ ಒಪ್ಪಿಕೊಂಡನಲ್ಲ, ಅದಕ್ಕೇ ನನಗೆ ಇನ್ನಷ್ಟು ಸಂಶಯ ಬಂತು. ಹೊರಗೆ ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಮೊದಲ ಬಸ್ಸಿಗೆ ಬಂದವರು ಬುತ್ತಿಗಂಟು ಕಾಲ ಬಳಿ ಇಟ್ಟುಕೊಂಡು ಕುಂತಿದ್ದರು. ಸಾಲಿನಲ್ಲಿ ಮುಂದೆ ಚಿಗವ್ವ. ಕರೆಂಟು ಬದಲಿಸುವ ಗುಂಡಿಯ ಮೇಲೆ ನನ್ನ ಬೆರಳಿತ್ತು. ಆದರೆ ಧಾರೆ ಸರಿಯಾಗಿಯೇ ಇದ್ದು, ನನ್ನ ಅಳತೆಯೇ ಸುಳ್ಳು ಹೇಳುತ್ತಿದ್ದರೆ? ಆಗ ಸರಿ ಮಾಡುತ್ತೇನೆಂದು ಹೋಗಿ ನಾನೇ ನೆಟ್ಟಗಿದ್ದ ಕಿರಣವನ್ನು ಸೊಟ್ಟ ಮಾಡಿ, ಹೊರಗೆ ಕುಂತವರ ಮೇಲೆಲ್ಲ ಹಾಯಿಸಿದಂತೆ. ಬೆರಳು ತೆಗೆದೆ.

ಇಂಥ ಹೊತ್ತಿಗೆ ಒಂದು ಉಪಾಯವಿದೆ. ಗಟ್ಟಿಯನ್ನು ಅಲುಗಿಸದೆ ಯಂತ್ರದ ತಲೆಯನ್ನು ಅರ್ಧ ಸುತ್ತು ತಿರುಗಿಸಿ ಮಂಚದ ಕೆಳಗಿನಿಂದ ಕಿರಣ ಬಿಡಬೇಕು. ತಪ್ಪು ಧಾರೆಯದಾದರೆ, ತಲೆಯ ಜೊತೆ ತಪ್ಪೂ ತಿರುಗಿ ಎದುರು ಮಗ್ಗುಲಿಗೆ ಬರುತ್ತದೆ. ಗಟ್ಟಿಯೇ ತಪ್ಪು ಜಾಗದಲ್ಲಿ ಕೂತಿದ್ದರೆ ಅದೇ ಮಗ್ಗುಲಲ್ಲಿ ಉಳಿಯುತ್ತದೆ. ತಿರುಗಿಸಿದೆ. ಅದೇ ಮಗ್ಗುಲು. ಮತ್ತೆ ಮಾಡಿದೆ. ಅದೇ ಮಗ್ಗುಲು. ಧಾರೆ ನೆಟ್ಟಗಿತ್ತು, ಇಂಜಿನಿಯರನ ತಪ್ಪೇನೂ ಇರಲಿಲ್ಲ. ಗಟ್ಟಿಯನ್ನು ಕೂಡಿಸಿದ ಕೆಂಪು ಗೆರೆಯೇ ಸರಿದಿತ್ತು.

ಎಡ ಬಲದ ಗೆರೆಗಳು ಒಂದರ ಮೇಲೊಂದು ಕೂಡಿಯೇ ಇದ್ದವು. ಎದುರು ಗೋಡೆಯ ಒಂಟಿ ಡಬ್ಬಿಯ ಹತ್ತಿರ ಸ್ಟೂಲ್ ಹಾಕಿ ಹತ್ತಿದೆ. ಡಬ್ಬಿಯ ಮೇಲೆ ಕುಂಕುಮದ ಬೊಟ್ಟು. ಅದನ್ನು ಹಿಡಿದ ಕಬ್ಬಿಣದ ಪಟ್ಟಿ ಒಂದು ಕಡೆ ಜಗ್ಗಿ ತಿರುಗಿತ್ತು. ಸ್ಕ್ರೂಗೆ ಹರಿದ ಸುತಳಿಯ ತುಂಡು ಸಿಕ್ಕಿಕೊಂಡಿತ್ತು, ಡಬ್ಬಿಯ ಹಿಂದೆ ಒಣಗಿದ ನಿಂಬೆಹಣ್ಣೊಂದು ಕೂತಿತ್ತು. ನಮ್ಮ ಅಡುಗೆಮನೆಯಲ್ಲಿ ಹಬ್ಬದ ಮುಂಚೆ ದಬ್ಬಣ ಹಿಡಿದು ನಿಂಬೆಹಣ್ಣು ಪೋಣಿಸುತ್ತಾ ಕೂತಿದ್ದವಳು ಯಾರೆಂದು ನನಗೆ ಗೊತ್ತಿತ್ತು. ಬಾಗಿಲಿಗೆ ಕಟ್ಟಲಿಕ್ಕೆ ಎಂದುಕೊಂಡಿದ್ದೆ.

ಯಂತ್ರ ನಡೆಸುವ ಟೆಕ್ನಿಷಿಯನ್‌ನನ್ನು ಕರೆದು ಕೇಳಿದೆ. ಅವನು ನೆಲ ನೋಡಿದ.

"ಆಯುಧಕ್ಕ ಖಂಡೇ ಪೂಜಿ ಮಾಡ್ತೀವಲ್ಲ, ಅದರ ಹಿಂದಿನ ದಿನಾರಿ, ರಜಾ ಬೀಳೂ ಮುಂಚೆ. ಇಷ್ಟ್ ಜನರ ಜೀವಾ ಉಳಸೋ ಬೆಳಕಿಗೆ ಒಂದ್ ಹಾರ ಹಾಕಬಾರ್ದೇನು ಅಂದ್ರು. ನಿಮ್ಮ ಚಿಗವ್ವಾರು, ನಾ ಹೆಂಗ ಒಲ್ಲೆ ಅನ್ನಲಿ? ಮಾರನೇ ದಿನ ನಾನೇ ಬಿಚ್ಚಿದೆ. ಹಾರದ ಭಾರಕ್ಕ ಗಂಟು ಬಿಗಿದಿತ್ತು, ಹರದು ತಗದೆ."

"ಹಾರ ಕಟ್ಟಿದ ಮ್ಯಾಲೆ ಯಾರ್ಯಾರು ಮಲಗಿದ್ರು?"

"ಅವರೊಬ್ರರಿ. ಅವತ್ತಿನ ಕಡೀ ರೋಗಿ ಅವರ."

ಅವನ ಮೇಲೆ ಕೂಗಾಡಿದೆ. ಗೆರೆ ಎಷ್ಟು ಸರಿದಿತ್ತೆಂದು ಅಳೆದುಕೊಂಡು ಡಾಕ್ಟರ ಬಳಿ ಓಡಿದೆ. ಇಬ್ಬರೂ ಕೂತು ಅವತ್ತು ಕಿರಣ ಎಲ್ಲೆಲ್ಲಿ ಬಿದ್ದಿತೆಂದು ಲೆಕ್ಕ ಹಾಕಿದೆವು. ಬೆನ್ನುಹುರಿಗೆ ಧಕ್ಕೆಯಿಲ್ಲ. ಗಂಟಿನ ಒಂದು ಅಂಚಿಗೆ ಕಡಿಮೆ ಬಿದ್ದಿದೆ, ಮುಂದಿನ ಸರದಿಗಳಲ್ಲಿ ಸರಿದೂಗಿಸಬಹುದು ಎಂದರು. ನಾನು ಆ ಉತ್ತರವನ್ನೂ ನಂಬದೆ ಇನ್ನೊಮ್ಮೆ ಲೆಕ್ಕ ಹಾಕಿಸಿದೆ. ಆಮೇಲೆ ಪಟ್ಟಿ ನೆಟ್ಟಗೆ ಮಾಡಿ, ಗಟ್ಟಿ ಇಟ್ಟು, ನೆರಳು ನಡುವೆ ಬಂದದ್ದನ್ನು ಕಣ್ಣಾರೆ ಕಂಡು ಚಿಗವ್ವನನ್ನು ಒಳಗೆ ಕರೆದೆ.

"ಚಿಗವ್ವಾ, ಆ ಕೆಂಪು ಬೆಳಕು ಬರೇ ಗುರುತಿಂದು. ರೋಗ ಸುಡೋ ಕಿರಣ ಬ್ಯಾರೆ, ಅದು ಕಣ್ಣಿಗೆ ಕಾಣಂಗಿಲ್ಲ."

"ಕಾಣದಿದ್ದದ್ದಕ್ಕ ಹಾರ ಎಲ್ಲಿ ಹಾಕ್ಲೆವ್ವಾ?" ಎಂದಳು, ತಪ್ಪೆಲ್ಲ ನನ್ನದೇ ಎಂಬಂತೆ.

ಸಿಟ್ಟಿನಲ್ಲೇ ಎಲ್ಲ ಹೇಳಿಬಿಟ್ಟೆ. ಹಾರದ ಭಾರಕ್ಕೆ ಡಬ್ಬಿ ತಿರುಗಿದ್ದು, ಅವತ್ತು ಆಕೆಯ ಮೇಲೆ ಕಿರಣ ಸರಿದು ಬಿದ್ದದ್ದು, ಡಾಕ್ಟರು ಹೇಳಿದ್ದು. ಆಕೆ ಕತ್ತಿನ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಬಯ್ಯುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡೆ.

"ಮುದ್ದೇಬಿಹಾಳದ ಹುಡುಗಿ, ಹೊಟ್ಟ್ಯಾಗಿನ ಗಂಟಿಗೆ ಬಸಿರಿ ಹಂಗ ಕಾಣ್ತಾಳಲ್ಲ, ಆಕಿ ನನ್ನ ಹಿಂದ ಮಲಗಿದ್ಲೇನು?"

"ಇಲ್ಲ. ಆಕೀದು ನಿನಗಿಂತ ಮೊದಲ ಮುಗಿದಿತ್ತು."

"ಮತ್ತ ಯಾರರೆ?"

"ಯಾರೂ ಇಲ್ಲ. ನೀ ಒಬ್ಬಾಕಿನ."

ಆಕೆ ನನ್ನ ಮುಖವನ್ನು ದಿಟ್ಟಿಸಿ ನೋಡಿದಳು, ನಾನು ಸುಳ್ಳು ಹೇಳುತ್ತಿದ್ದೇನೋ ಎಂದು. ನನ್ನ ಗುಣ ಯಾರ ಕಡೆಯಿಂದ ಬಂದದ್ದೆಂದು ಆಗ ಗೊತ್ತಾಯಿತು. ಆಮೇಲೆ ಉಸಿರು ಬಿಟ್ಟು, ಸೆರಗು ಸರಿಮಾಡಿಕೊಂಡು ಮಂಚ ಹತ್ತಿದಳು.

"ಹಂಗಾದ್ರ ಪೂಜಿ ಮುಟ್ಟೇತಿ ಬಿಡು," ಎಂದಳು.

ನನಗೆ ಅಳು ಉಕ್ಕಿ ಬಂತು. ಮುಖ ಆಚೆ ತಿರುಗಿಸಿ, ಎದುರು ಗೋಡೆಯ ಗೆರೆಯನ್ನು ಮತ್ತೊಮ್ಮೆ ಅಳೆದೆ.